‘ಹಾಲಿವುಡ್ ಸುಂದರಿ’ ಎಂದು ಬರೆದು ಮುಗಿಸಿಬಿಟ್ಟಿರಲ್ಲ!

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಆಗಸ್ಟ್ 3ರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ, ಪೇಟೆ ಧಾರಣೆಯ ಪಕ್ಕ, ‘ಈ ದಿನ’ ಅಂತ ಒಂದು ಸಣ್ಣ ಚೌಕ ಇತ್ತು. ನಾನು ಮೊದಲು ನೋಡುವುದು ಕಾಳುಮೆಣಸಿನ ರೇಟು. ಆಮೇಲೆ ಕಣ್ಣು ಆ ಕಡೆ ಹೋಯಿತು. ಹಾಲಿವುಡ್ ಸುಂದರಿ ಡೊಲೊರೆಸ್ ಡೆಲ್ ರಿಯೊ ಹುಟ್ಟಿದ ದಿನ ಅಂತ ಎರಡೂವರೆ ಸಾಲು. ಜೊತೆಗೆ ಅಂಚೆಚೀಟಿಯಷ್ಟು ಫೋಟೊ. ಗೀಚಿದಂಥ ತೆಳು ಹುಬ್ಬು, ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು.

ಅವತ್ತು ನಮ್ಮಲ್ಲಿ ಕಕ್ಕಡ ಹದಿನೆಂಟು, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಮದ್ದುಸೊಪ್ಪು ಬೇಯಿಸಿದ ನೀರು ಒಲೆ ಮೇಲೆ ಕಡು ನೇರಳೆಗೆ ತಿರುಗಿತ್ತು. ಪಾಯಸ ಕೆದಕುವುದು ಬಿಟ್ಟು ಪೇಪರ್ ಹಿಡಿದು ನಿಂತೆ, ತಳ ಹಿಡಿಯಿತು. ಆ ತಪ್ಪೂ ನಿಮ್ಮ ಲೆಕ್ಕಕ್ಕೇ ಇರಲಿ.

ನೀವು ಹಾಕಿದ್ದು ಸುಳ್ಳಲ್ಲ. ಮೆಕ್ಸಿಕೊದ ಆ ನಟಿ ಹಾಲಿವುಡ್‌ಗೆ ಹೋಗಿದ್ದು ನಿಜ, ಚೆಲುವೆ ಅನ್ನುವುದೂ ನಿಜ. ಆದರೆ ಅಲ್ಲಿಗೇ ನಿಲ್ಲಿಸಿಬಿಟ್ಟಿರಿ. ಮೆಕ್ಸಿಕೊಗೆ ವಾಪಸ್ ಬಂದ ಮೇಲೆ ಮಾಡಿದ್ದನ್ನು ಬಿಟ್ಟರೆ ಆಕೆಯಲ್ಲಿ ಉಳಿಯುವುದು ಆ ಹುಬ್ಬು ಮಾತ್ರ. ಪತ್ರ ಉದ್ದವಾಯಿತು ಅಂತ ಕತ್ತರಿ ಹಾಕುವುದಾದರೆ ಬೇರೆ ಎಲ್ಲಿ ಬೇಕಾದರೂ ಹಾಕಿ, ಮಲೇರಿಯಾ ಔಷಧಿ ಕ್ವಿನೈನ್ ವಿಷಯಕ್ಕೆ ಮಾತ್ರ ಬೇಡ.

ನಾನು ಸುಂಟಿಕೊಪ್ಪದ ಕಡೆಯವಳು. ಮೂವತ್ತು ವರ್ಷದ ಮೇಲೆ ಸರ್ಕಾರಿ ಆರೋಗ್ಯ ಸಹಾಯಕಿಯಾಗಿದ್ದೆ. ತೋಟದ ಕೂಲಿಯವರಿರುವ ಲೈನ್ ಮನೆಗಳಿಗೆ ನಡೆದು ಹೋಗಿ, ಜ್ವರ ಅಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ ತರುವುದು, ಮಲೇರಿಯಾದ ಕ್ಲೋರೋಕ್ವಿನ್ ಮಾತ್ರೆ ನುಂಗಿಸುವುದು, ಇದೇ ಕೆಲಸ. ಸಿನಿಮಾ ಗಿನಿಮಾ ನನಗೆ ಗೊತ್ತಿಲ್ಲ. ಮೂರು ವರ್ಷದ ಹಿಂದೆ ಜುಲೈ ಮಳೆಗೆ ಲೈನ್ ಮೇಲೆ ಸಿಲ್ವರ್ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಮೈಸೂರಿನಿಂದ ಬಂದಿದ್ದ ಮೊಮ್ಮಗಳು, “ಅಜ್ಜಿ, ಲ್ಯಾಪ್‌ಟಾಪಲ್ಲಿ ಇನ್ನೂ ಎರಡು ಗಂಟೆ ಚಾರ್ಜ್ ಇದೆ, ಸುಮ್ನೆ ಕೂತ್ಕೊಂಡು ಇದನ್ನ ನೋಡು, ಕಾಲೇಜಿಗೆ ಇದರ ಮೇಲೆ ಬರೀಬೇಕು” ಅಂದಳು. ಹಾಗೆ ನೋಡಿದ್ದು ಡೆಲ್ ರಿಯೊ ನಟಿಸಿದ ‘ಮರಿಯಾ ಕಾಂಡೆಲಾರಿಯಾ’. ಕಪ್ಪು ಬಿಳುಪು. ಮಾತು ಸ್ಪ್ಯಾನಿಷ್, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಮೊಮ್ಮಗಳು ಕನ್ನಡದಲ್ಲಿ ಹೇಳುತ್ತಾ ಹೋದಳು. ಅರ್ಧ ಆದ ಮೇಲೆ “ನೀನು ಸುಮ್ಮನಿರು, ಗೊತ್ತಾಗ್ತದೆ” ಅಂದೆ.

ಕಥೆ ನಡೆಯುವುದು ಮೆಕ್ಸಿಕೊ ನಗರದ ಪಕ್ಕದ ಸೊಚಿಮಿಲ್ಕೊದಲ್ಲಿ. ಅಲ್ಲಿ ಕೆರೆಯೊಳಗೇ ಕೆಸರು ಒಟ್ಟಿ ತೋಟ ಮಾಡಿದ್ದಾರೆ. ನಡುವೆ ಕಾಲುವೆ. ಜನ ಓಡಾಡುವುದೂ ದೋಣಿಯಲ್ಲಿ, ಹೂ ಮಾರುವುದೂ ದೋಣಿಯಲ್ಲಿ. (ಮಳೆಗಾಲಕ್ಕೆ ನಮ್ಮ ಅಂಗಳ ತುಂಬುವ ಡೇಲಿಯಾ ಮೂಲದಲ್ಲಿ ಮೆಕ್ಸಿಕೊದ್ದೇ ಅಂತ ಆಮೇಲೆ ತಿಳಿಯಿತು. ನಮ್ಮ ಅಮ್ಮ ಅದು ಮಡಿಕೇರಿಯದ್ದು ಅಂತಲೇ ನಂಬಿದ್ದರು.) ಮರಿಯಾ ಹೂ ಮಾರುವವಳು. ತಾಯಿಯ ನಡತೆ ಸರಿ ಇರಲಿಲ್ಲ ಅಂತ ಊರು ಮಗಳನ್ನೂ ಹತ್ತಿರ ಸೇರಿಸುವುದಿಲ್ಲ, ಅವಳ ಹೂವನ್ನೂ ಕೊಳ್ಳುವುದಿಲ್ಲ. ಜೊತೆಗಿರುವುದು ಲೊರೆಂಜೊ ರಫಾಯೆಲ್ ಒಬ್ಬನೇ. ಸಿನಿಮಾ ಪೂರ್ತಿ ಅವನನ್ನು ಎರಡು ಹೆಸರೂ ಸೇರಿಸಿಯೇ ಕರೆಯುತ್ತಾಳೆ. ನಮ್ಮ ಮನೆ ಬೆಕ್ಕಿಗೆ ಒಂದು ವಾರ ಅದೇ ಹೆಸರಾಗಿತ್ತು. ಇಬ್ಬರ ಆಸ್ತಿ ಒಂದು ಹಂದಿಮರಿ. ಅದು ದೊಡ್ಡದಾಗಿ ಮರಿ ಹಾಕಿದರೆ ಮಾರಿ ಮದುವೆಯಾಗಬೇಕು. ಹಂದಿಮರಿ ಅಂದಕೂಡಲೇ ನಗುವವರು ಬೇರೆ ಜಿಲ್ಲೆಯವರು. ಕೊಡಗಿನವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯ ದೋನ್ ದಮಿಯಾನ್‌ಗೆ ಇವಳ ಮೇಲೆ ಕಣ್ಣು. ಸಿಗಲಿಲ್ಲ ಅನ್ನುವ ಸಿಟ್ಟಿಗೆ ಆ ಮರಿಯನ್ನು ಗುಂಡು ಹೊಡೆದು ಕೊಲ್ಲುತ್ತಾನೆ.

ಆಮೇಲೆ ಮರಿಯಾಗೆ ಚಳಿಜ್ವರ. ಮಲೇರಿಯಾ. ಸರ್ಕಾರ ಕಳಿಸಿದ ಕ್ವಿನೈನ್ ಇರುವುದು ದಮಿಯಾನ್ ಕೈಯಲ್ಲಿ. ಊರಿಗೆಲ್ಲ ಉಂಟು, ಇವಳಿಗೆ ಇಲ್ಲ. ಇಲ್ಲಿ ನಾನು ಚಾಪೆಯಿಂದ ಎದ್ದು ಕುಳಿತೆ.

ಯಾಕೆ ಅಂದರೆ ಆ ಮನುಷ್ಯ ನನಗೆ ಗೊತ್ತು. ಎಂಬತ್ತರ ದಶಕದಲ್ಲಿ ನಾನು ಹೋಗುತ್ತಿದ್ದ ಒಂದು ತೋಟ, ಹೆಸರು ಬೇಡ. ನಾನು ದಿನಾ ಬರಲಿಕ್ಕಾಗುವುದಿಲ್ಲ ಅಂತ ಒಂದಷ್ಟು ಮಾತ್ರೆ ಅಲ್ಲಿಯ ರೈಟರ್, ಅಂದರೆ ತೋಟದ ಗುಮಾಸ್ತನ ಹತ್ತಿರ ಕೊಟ್ಟಿಡುತ್ತಿದ್ದೆ. ಒಂದು ಸಲ ಹೋದಾಗ ಲೈನ್ ಮನೆಯಲ್ಲಿ ಆರು ವರ್ಷದ ಹುಡುಗಿ ಮೂರು ಕಂಬಳಿಯ ಕೆಳಗೆ ನಡುಗುತ್ತಿದ್ದಳು. ಹಲ್ಲು ಕಟಕಟ ಅನ್ನುವುದು ಬಾಗಿಲಿಗೆ ಕೇಳುತ್ತಿತ್ತು. ಜ್ವರ ಬಂದು ಐದು ದಿನ. ಮಾತ್ರೆ ಯಾಕೆ ತರಲಿಲ್ಲ ಅಂತ ತಾಯಿಯನ್ನು ಬೈದೆ. ಅವಳು ಏನೂ ಹೇಳಲಿಲ್ಲ. ಪಕ್ಕದ ಮನೆಯವಳು ಹೇಳಿದಳು, ಮುಂಗಡದ ವಿಷಯಕ್ಕೆ ಇವಳಿಗೂ ರೈಟರಿಗೂ ಮಾತಾಗಿದೆ, ಕೇಳಲು ಹೋದರೆ ಮೇಜಿನ ಬೀಗದ ಕೈ ಇಲ್ಲ ಅಂದನಂತೆ. ನಾನು ಆಫೀಸಿಗೆ ಹೋದೆ. ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಚೀಲದಲ್ಲಿದ್ದ ಮಾತ್ರೆಯನ್ನೇ ಪುಡಿ ಮಾಡಿ, ಬೆಲ್ಲದಲ್ಲಿ ಕಲಸಿ ಮಗುವಿಗೆ ಕೊಟ್ಟೆ. ಅರ್ಧ ಉಗುಳಿತು, ಮತ್ತೆ ಕೊಟ್ಟೆ. ಮಗು ಉಳಿಯಿತು. ರೈಟರ್ ಮೇಲೆ ಬರವಣಿಗೆಯಲ್ಲಿ ದೂರು ಕೊಡಬೇಕಿತ್ತು, ಕೊಡಲಿಲ್ಲ. ಹೊಸ ಕೆಲಸ, ದಾರಿಯಲ್ಲಿ ಒಬ್ಬಳೇ ಓಡಾಡಬೇಕು, ಹೆದರಿಕೆ.

ನಮ್ಮ ಅಜ್ಜಿ ಕಾಲದಲ್ಲಿ ಇಲ್ಲಿಯೂ ಕ್ವಿನೈನೇ ಇದ್ದದ್ದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಯುವ ತನಕ ಚಳಿಜ್ವರ ಅಂದರೆ ಮನೆ ಮನೆಯ ಮಾತು. ಹಾಗಾಗಿ ಆ ಸಿನಿಮಾದ ಔಷಧಿ ನನಗೆ ಕಥೆಯ ಸಾಮಾನು ಅನ್ನಿಸಲಿಲ್ಲ. ಲೊರೆಂಜೊ ರಫಾಯೆಲ್ ಅಂಗಡಿಗೆ ನುಗ್ಗಿ ಕ್ವಿನೈನ್ ಕದಿಯುತ್ತಾನೆ. ಜೊತೆಗೆ ಅವಳಿಗೆ ಮದುವೆಗೆ ಅಂತ ಒಂದು ಬಟ್ಟೆಯನ್ನೂ ತೆಗೆದುಕೊಂಡು ಬರುತ್ತಾನೆ. ಪೆದ್ದ! ಜೈಲಾಗುತ್ತದೆ. ಅವನನ್ನು ಬಿಡಿಸಲು ದುಡ್ಡು ಬೇಕು ಅಂತ ಇವಳು ಒಬ್ಬ ಚಿತ್ರಕಾರನ ಮುಂದೆ ಕೂರಲು ಒಪ್ಪುತ್ತಾಳೆ. ಮುಖ ಬರೆಸಿಕೊಳ್ಳುತ್ತಾಳೆ, ಬಟ್ಟೆ ತೆಗೆ ಅಂದಾಗ ಎದ್ದು ಹೋಗುತ್ತಾಳೆ. ಅವನು ಬೇರೆಯವಳ ಮೈ ಬರೆದು ಚಿತ್ರ ಮುಗಿಸುತ್ತಾನೆ. ಊರಿನವರು ಆ ಚಿತ್ರ ನೋಡುತ್ತಾರೆ. ಅಟ್ಟಿಸಿಕೊಂಡು ಹೋಗಿ ಕಲ್ಲು ಹೊಡೆದು ಕೊಲ್ಲುತ್ತಾರೆ. ಕೊನೆಗೆ ಹೂವಿನ ನಡುವೆ ಅವಳನ್ನು ಮಲಗಿಸಿಕೊಂಡು ಅವನು ಕಾಲುವೆಯಲ್ಲಿ ದೋಣಿ ನಡೆಸುತ್ತಾನೆ. ಲ್ಯಾಪ್‌ಟಾಪ್ ಆರು ಪರ್ಸೆಂಟ್ ತೋರಿಸುತ್ತಿತ್ತು.

ಇಷ್ಟೆಲ್ಲ ಮಾಡಿದ ನಟಿಗೆ ಆಗ ಮೂವತ್ತೆಂಟು, ಮೂವತ್ತೊಂಬತ್ತು ವಯಸ್ಸು. ಜಡೆ, ಹೆಗಲ ಮೇಲೊಂದು ಶಾಲು, ಬರಿಗಾಲು. ಮೊಮ್ಮಗಳು ಇಂಟರ್‌ನೆಟ್ ಬಂದ ಮೇಲೆ ಓದಿ ಹೇಳಿದ್ದು ಮತ್ತೂ ಆಶ್ಚರ್ಯ. ಈ ಬರಿಗಾಲಿನವಳು ಹುಟ್ಟಿದ್ದು 1904ರಲ್ಲಿ, ದುರಾಂಗೊ ಅನ್ನುವ ಊರಿನ ಸಾಹುಕಾರರ ಮನೆಯಲ್ಲಿ. ಅಪ್ಪ ಬ್ಯಾಂಕಿನ ದೊಡ್ಡ ಅಧಿಕಾರಿ. ಮೆಕ್ಸಿಕೊ ಕ್ರಾಂತಿಯ ಗಲಾಟೆಯಲ್ಲಿ ಊರು ಬಿಟ್ಟು ಓಡಬೇಕಾಯಿತು. ಹದಿನಾರಕ್ಕೆ ಮದುವೆ, ಗಂಡ ಹದಿನೆಂಟು ವರ್ಷ ದೊಡ್ಡವನು. 1925ರಲ್ಲಿ ಎಡ್ವಿನ್ ಕೆರೂ ಅನ್ನುವ ಅಮೆರಿಕದ ನಿರ್ದೇಶಕ ಈಕೆಯ ಕುಣಿತ ನೋಡಿ ಹಾಲಿವುಡ್‌ಗೆ ಕರೆದ. ಮೂಕಿ ಕಾಲದಲ್ಲಿ ದೊಡ್ಡ ಹೆಸರು. 1928ರ ‘ರಮೋನಾ’ ಅದರಲ್ಲಿ ಮುಖ್ಯ. ಮಾತು ಬಂದ ಮೇಲೆ ದ್ವೀಪದ ಹುಡುಗಿ, ಬ್ರೆಜಿಲ್‌ನ ಹುಡುಗಿ, ಒಟ್ಟಿನಲ್ಲಿ ಎಲ್ಲಿಯದೋ ಹೊರಗಿನವಳು. ಎರಡನೇ ಗಂಡ ಸೆಡ್ರಿಕ್ ಗಿಬ್ಬನ್ಸ್, ಆಸ್ಕರ್ ಗೊಂಬೆಯ ವಿನ್ಯಾಸ ಮಾಡಿದವರು. ಗೊಂಬೆ ಮಾಡಿದವರ ಮನೆಯಲ್ಲೇ ಇದ್ದರೂ ಆಕೆಗೆ ಆ ಗೊಂಬೆ ಸಿಗಲಿಲ್ಲ. 1938ರಲ್ಲಿ ಅಲ್ಲಿನ ಥಿಯೇಟರ್ ಮಾಲೀಕರು ಇವರೆಲ್ಲ ಗಲ್ಲಾಪೆಟ್ಟಿಗೆಗೆ ವಿಷ ಅಂತ ಒಂದು ಪಟ್ಟಿಯನ್ನೇ ಅಚ್ಚು ಹಾಕಿಸಿದರು. ಅದರಲ್ಲಿ ಈಕೆಯ ಹೆಸರು. ಗ್ರೆಟಾ ಗಾರ್ಬೊ, ಕ್ಯಾಥರಿನ್ ಹೆಪ್‌ಬರ್ನ್‌ರಂಥ ದೊಡ್ಡ ನಟಿಯರೂ ಇದ್ದರು ಅನ್ನಿ.

1942ರಲ್ಲಿ ಆಕೆ ಮೆಕ್ಸಿಕೊಗೆ ಮರಳಿದರು. ಎರಡು ಮದುವೆ ಮುಗಿದಿತ್ತು, ಅಮೆರಿಕದ ನಿರ್ದೇಶಕ ಓರ್ಸನ್ ವೆಲ್ಸ್ ಜೊತೆಗಿನ ಸ್ನೇಹವೂ ಮುಗಿದಿತ್ತು. ಆ ವಯಸ್ಸಿಗೆ ನಮ್ಮಲ್ಲಾದರೆ ನಾಯಕಿಗೆ ಅತ್ತಿಗೆ ಪಾತ್ರ ಕೊಡುತ್ತಾರೆ. ಈಕೆ ಎಮಿಲಿಯೊ ಫರ್ನಾಂಡಿಸ್ ಅನ್ನುವ ನಿರ್ದೇಶಕರ ಜೊತೆ 1943ರಲ್ಲಿ ‘ಫ್ಲೋರ್ ಸಿಲ್ವೆಸ್ತ್ರೆ’ ಮಾಡಿದರು. ಸ್ಪ್ಯಾನಿಷ್‌ನಲ್ಲಿ ಆಕೆಯ ಮೊದಲ ಸಿನಿಮಾ ಅದೇ. ತನ್ನ ಮಾತಿನಲ್ಲಿ ಮಾತಾಡಲು ಹದಿನೆಂಟು ವರ್ಷ ಕಾದರು ಅಂದ ಹಾಗಾಯಿತು. ಅದರ ಬೆನ್ನಿಗೇ ‘ಮರಿಯಾ ಕಾಂಡೆಲಾರಿಯಾ’. ಎರಡರಲ್ಲೂ ಜೋಡಿ ಪೆಡ್ರೊ ಅರ್ಮೆಂಡಾರಿಸ್, ಕ್ಯಾಮೆರಾ ಗೇಬ್ರಿಯೆಲ್ ಫಿಗೆರೋವಾ. ಮೋಡ ಹಿಡಿಯುವುದರಲ್ಲಿ ಫಿಗೆರೋವಾ ನಿಸ್ಸೀಮರು. ನಮ್ಮ ತಲಕಾವೇರಿ ಕಡೆಯ ಮೋಡ ಅವರ ಕೈಗೆ ಸಿಗಬೇಕಿತ್ತು.

1946ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಹನ್ನೊಂದು ಸಿನಿಮಾಗಳಿಗೆ ಒಟ್ಟಿಗೆ ದೊಡ್ಡ ಪ್ರಶಸ್ತಿ ಕೊಟ್ಟರು. ಅದರಲ್ಲಿ ಇದೂ ಒಂದು. ಇನ್ನೊಂದು ನಮ್ಮ ಚೇತನ್ ಆನಂದ್ ಅವರ ‘ನೀಚಾ ನಗರ್’. ನಿಮ್ಮ ಚೌಕದಲ್ಲಿ ಬರೆಯಬೇಕಾಗಿದ್ದ ಸಾಲು ಇದೇ ಅಲ್ವಾ? ಓದುಗರಿಗೆ ಹಿಡಿದುಕೊಳ್ಳಲು ಒಂದು ಕೊಂಬೆ ಸಿಗುತ್ತಿತ್ತು.

ಮೊಮ್ಮಗಳದು ಬೇರೆ ತಕರಾರು. ಬ್ಯಾಂಕಿನವರ ಮಗಳು, ಬಿಳಿ ಮೈಯವಳು, ಬುಡಕಟ್ಟಿನ ಬಡವಿಯ ವೇಷ ಹಾಕಿದ್ದು ಸರಿಯಾ ಅಂತ ಕೇಳಿದಳು. ಸರಿಯಲ್ಲ ಅಂತಲೇ ನನಗೂ ಅನ್ನಿಸುತ್ತದೆ. ಅಲ್ಲಿಯ ಹೆಣ್ಣುಮಕ್ಕಳು ಇಷ್ಟು ತಲೆ ತಗ್ಗಿಸಿ, ಇಷ್ಟು ಮೆಲ್ಲಗೆ ಮಾತಾಡುತ್ತಾರೆ ಅಂತ ನಾನು ನಂಬುವುದಿಲ್ಲ. ನಮ್ಮ ಲೈನ್ ಮನೆಯವರು ಹಾಗೆ ಮಾತಾಡಿದ್ದನ್ನು ಒಂದು ದಿನವೂ ಕಂಡಿಲ್ಲ. ಆದರೆ ನಮ್ಮ ಸಿನಿಮಾದವರು ತೋಟದ ಕೂಲಿಯವಳ ಪಾತ್ರಕ್ಕೆ ಯಾವತ್ತಾದರೂ ತೋಟದಿಂದ ಒಬ್ಬಳನ್ನು ಕರೆದಿದ್ದಾರಾ ಅಂತ ಕೇಳಿದೆ. ಅದು ಉತ್ತರ ಅಲ್ಲ ಅಜ್ಜಿ ಅಂದಳು. ಅಲ್ಲ, ಒಪ್ಪಿದೆ.

ಮುಂದಿನದು ಚುಟುಕಾಗಿ ಹೇಳುತ್ತೇನೆ. 1954ರಲ್ಲಿ ಹಾಲಿವುಡ್ ಮತ್ತೆ ಕರೆಯಿತು, ಆದರೆ ಎಡಪಂಥದವರ ಕಡೆ ಒಲವು ಅಂತ ಅಮೆರಿಕ ವೀಸಾ ಕೊಡಲಿಲ್ಲ. ಆ ಪಾತ್ರ ಮೆಕ್ಸಿಕೊದ ಇನ್ನೊಬ್ಬ ನಟಿ ಕೇಟಿ ಹುರಾಡೊಗೆ ಹೋಯಿತು, ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಆಯಿತು. 1960ರಲ್ಲಿ ಗಾಯಕ ಎಲ್ವಿಸ್ ಪ್ರೀಸ್ಲಿಗೆ ತಾಯಿಯಾಗಿ ಅದೇ ಹಾಲಿವುಡ್‌ನಲ್ಲಿ ನಟಿಸಿದರು. ತೀರಿಕೊಂಡಿದ್ದು 1983ರ ಏಪ್ರಿಲ್ 11ರಂದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಎಪ್ಪತ್ತರ ದಶಕದಲ್ಲಿ ಆಕೆ ಮೆಕ್ಸಿಕೊದಲ್ಲಿ ನಟನಟಿಯರ ಸಂಘದ ಮೂಲಕ ಒಂದು ಶಿಶುಪಾಲನಾ ಕೇಂದ್ರ ಮಾಡಿಸಿದರು. ನಟಿಯರು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳಲು. ಆಕೆಗೆ ಸ್ವಂತ ಮಕ್ಕಳಿರಲಿಲ್ಲ. ನಮ್ಮಲ್ಲಿ 1951ರ ಪ್ಲಾಂಟೇಷನ್ ಕಾಯ್ದೆ ಪ್ರಕಾರ ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳ ಕೋಣೆ ಇರಲೇಬೇಕಿತ್ತು. ನಾನು ಹೋದ ಕೆಲವು ತೋಟಗಳಲ್ಲಿ ಚೆನ್ನಾಗಿಯೇ ಇತ್ತು. ಒಂದೆರಡು ಕಡೆ ಆ ಕೋಣೆಯಲ್ಲಿ ಗೊಬ್ಬರದ ಚೀಲ ಇಟ್ಟಿದ್ದರು. ಮಕ್ಕಳು ಕಾಫಿ ಗಿಡದ ಬುಡದಲ್ಲಿ, ಸೀರೆಯ ಜೋಲಿಯಲ್ಲಿ. ಸೊಳ್ಳೆ ಕಚ್ಚುತ್ತಿದ್ದದ್ದು ಅಲ್ಲಿಯೇ.

ಮುಂದಿನ ವರ್ಷವೂ ಆಗಸ್ಟ್ 3 ಬರುತ್ತದೆ. ಮತ್ತೆ ಚೌಕ ಹಾಕುವುದಾದರೆ ದಯವಿಟ್ಟು ಆ ಹುಬ್ಬಿನ ಫೋಟೊ ಬೇಡ, ಜಡೆಯದ್ದು ಹಾಕಿ. ಸ್ವಲ್ಪ ದೊಡ್ಡದಾಗಿ. ನನಗೆ ಈಗ ಕಣ್ಣು ಮಂಜು, ಒಲೆ ಮುಂದೆ ನಿಂತು ಓದಬೇಕು.

ಇತಿ,
ನಿವೃತ್ತ ಆರೋಗ್ಯ ಸಹಾಯಕಿ
ಸುಂಟಿಕೊಪ್ಪ, ಕೊಡಗು