ಗುರು ಬೇಕು ಎಂದವನಿಗೆ

ಪ್ರೀತಿಯ ತಮ್ಮಾ,

ನಿನ್ನ ಕಾಗದವೂ ಹಾಡುಗಳೂ ತಲುಪಿದವು. ಹಾಡುಗಳ ಮಾತು ಆಮೇಲೆ. ಕಾಗದದ ತುದಿಯಲ್ಲಿ ಸಂಕೋಚಪಟ್ಟುಕೊಂಡು ಒಂದು ಪ್ರಶ್ನೆ ಕೇಳಿದ್ದೀಯ: ನನಗೊಬ್ಬ ಗುರು ಬೇಕು, ಎಲ್ಲಿ ಹುಡುಕಲಿ? ಮುನ್ನುಡಿ ಬರೆದುಕೊಡುವವರು, ಸಂಪಾದಕರ ಕಿವಿಯಲ್ಲಿ ಒಂದು ಮಾತು ಹಾಕುವವರು, ವೇದಿಕೆ ಹತ್ತಿಸುವವರು ಬೇಕೆಂದರೆ ನಮ್ಮಲ್ಲೇನೂ ಬರವಿಲ್ಲ. ಅವರನ್ನು ಗುರು ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ. ನೀನು ಹಾಡು ಬರೆಯುವವನಾದ್ದರಿಂದ, ದೂರದ ಒಬ್ಬ ಹಾಡುಗಾರನ ವಿಷಯ ಹೇಳುತ್ತೇನೆ.

ಗೈ ಕ್ಲಾರ್ಕ್ ಅಂತ. ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಎಂಬ ಸಂಗೀತದವನು. ಹುಟ್ಟಿದ್ದು 1941ರಲ್ಲಿ, ಟೆಕ್ಸಾಸ್‌ನ ಮೊನಾಹನ್ಸ್ ಎಂಬ ಊರಿನಲ್ಲಿ. ಅಜ್ಜಿ ಅಲ್ಲಿ ಹೋಟೆಲು ನಡೆಸುತ್ತಿದ್ದಳು. ಎಣ್ಣೆಬಾವಿ ಕೊರೆಯುವ ಒಬ್ಬ ಮುದುಕ ಅಲ್ಲೇ ವಾಸಕ್ಕಿದ್ದ. ಮುಂದೆ ಆ ಮುದುಕನ ಮೇಲೆ ಕ್ಲಾರ್ಕ್ ಬರೆದ ಹಾಡನ್ನು ಎಷ್ಟೋ ಮಂದಿ ಹಾಡಿದರು. ಲಾಸ್ ಏಂಜಲೀಸ್ ಕಡೆ ಗಿಟಾರ್ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದಾಗ, ಒಂದು ರಾತ್ರಿ ಸಂಗೀತ ಕಛೇರಿ ಮುಗಿಸಿ ಕಾರಿನ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಾ ಬರುವಾಗ ಈ ಹೆದ್ದಾರಿಯಿಂದ ಜೀವಸಹಿತ ಇಳಿದರೆ ಸಾಕಪ್ಪಾ ಎಂಬ ಸಾಲು ಹೊಳೆಯಿತಂತೆ. ಮುಂದೆ ಹೆಂಡತಿಯಾದ ಸುಸಾನಾಳ ಹುಬ್ಬು ತೀಡುವ ಪೆನ್ಸಿಲು ಕಸಿದುಕೊಂಡು, ಬರ್ಗರ್ ಕಟ್ಟಿಕೊಟ್ಟಿದ್ದ ಕಾಗದದ ಚೀಲದ ಮೇಲೆ ಗೀಚಿಕೊಂಡ. ಆ ಚೂರು ಬಹಳ ಕಾಲ ಪರ್ಸಿನಲ್ಲೇ ಇತ್ತು. 1971ರಲ್ಲಿ ಇಬ್ಬರೂ ನ್ಯಾಶ್‌ವಿಲ್‌ಗೆ ಗಂಟುಮೂಟೆ ಕಟ್ಟಿದರು. ನ್ಯಾಶ್‌ವಿಲ್ ಅಂದರೆ ಕಂಟ್ರಿ ಸಂಗೀತದ ಗಾಂಧಿನಗರ ಅಂದುಕೋ.

ಅವರ ಮನೆಗೆ ಹಾಡು ಬರೆಯುವ ಹುಡುಗರು ಬರತೊಡಗಿದರು. 1972ರಲ್ಲಿ ಊರಿಗೆ ಬಂದಿಳಿದ ರಾಡ್ನಿ ಕ್ರೋವೆಲ್, ಹತ್ತೊಂಬತ್ತರ ವಯಸ್ಸಿಗೇ ಬಂದ ಸ್ಟೀವ್ ಅರ್ಲ್. ಕ್ಲಾರ್ಕ್‌ನ ಆಪ್ತಮಿತ್ರ ಟೌನ್ಸ್ ವ್ಯಾನ್ ಜ್ಯಾಂಡ್ಟ್ ಅಂತೂ ಮನೆಯವನೇ. 1975ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಈ ಮನೆಯ ಮೇಜಿನ ಸುತ್ತ ನಡೆದದ್ದನ್ನು ಒಂದು ಸಾಕ್ಷ್ಯಚಿತ್ರದವರು ಸೆರೆಹಿಡಿದಿದ್ದಾರೆ. ಬಾಟಲಿ, ಸಿಗರೇಟು, ಗಿಟಾರು, ಸರದಿಯಂತೆ ಒಬ್ಬೊಬ್ಬರ ಹಾಡು. ನೋಡು, ಆದರೆ ಆ ಬಾಟಲಿಗೆ ಮರುಳಾಗಬೇಡ. ಟೌನ್ಸ್ ಕುಡಿತದಲ್ಲಿ ಸವೆದು 1997ರಲ್ಲಿ, ಐವತ್ತೆರಡಕ್ಕೇ ಹೋದ. ನೀನು ನೋಡಬೇಕಾದದ್ದು ಒಬ್ಬ ಹಾಡುವಾಗ ಉಳಿದವರು ಹೇಗೆ ಕಿವಿಗೊಟ್ಟು ಕೂತಿದ್ದಾರೆ ಎನ್ನುವುದನ್ನು.

ಇನ್ನೊಂದು ವಿಷಯ. ಈ ಕತೆ ಹೇಳುವವರೆಲ್ಲ ಸುಸಾನಾಳನ್ನು ಊಟ ಬಡಿಸಿದವಳ ಹಾಗೆ ಮೂಲೆಗೆ ಕೂರಿಸುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವಳು ಚಿತ್ರಕಾರ್ತಿ, ಸ್ವಂತ ಹಾಡುಗಳಿದ್ದವಳು. ಗಾಯಕ ವಿಲ್ಲಿ ನೆಲ್ಸನ್‌ನ 1978ರ ಪ್ರಸಿದ್ಧ ಆಲ್ಬಮಿನ ಮುಖಚಿತ್ರ ಅವಳದು. ಆ ಮನೆಯಲ್ಲಿ ಕಲಿತವರು ಇಬ್ಬರ ಕೆಲಸವನ್ನೂ ನೋಡಿ ಕಲಿತರು.

ಮುಂದೆ ಕ್ಲಾರ್ಕ್ ಮನೆಯ ನೆಲಮಾಳಿಗೆಯಲ್ಲಿ ಒಂದು ಕೆಲಸದ ಕೋಣೆ ಮಾಡಿಕೊಂಡ. ಕೈಯಾರೆ ಗಿಟಾರ್ ಮಾಡುತ್ತಿದ್ದದ್ದೂ ಅಲ್ಲೇ, ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹಾಡು ಬರೆಯುತ್ತಿದ್ದದ್ದೂ ಅಲ್ಲೇ. ಬಂದ ಹುಡುಗರು ಅವನ ಮುಂದೆ ಕೂತು ಹಾಡು ಕಟ್ಟಬೇಕು. ಎಪ್ಪತ್ತರ ಆಸುಪಾಸಿನ ಮುದುಕನ ಬಳಿ ಮೊಮ್ಮಗಳ ವಯಸ್ಸಿನ ಗಾಯಕಿ ಆಶ್ಲಿ ಮನ್ರೋ ಬಂದಾಗ ತನ್ನ ಕತೆ ಹೇಳಿಕೊಂಡಳು: ಹದಿಮೂರಕ್ಕೆ ಅಪ್ಪನನ್ನು ಕಳೆದುಕೊಂಡದ್ದು, ಮನೆ ಕುಸಿದದ್ದು. ಎಲ್ಲ ಕೇಳಿದ ಮೇಲೆ ಅವನು, ಆದರೂ ಗುಲಾಬಿಯಂತೆ ಅರಳಿದೆಯಲ್ಲ ಎಂಬರ್ಥದ ಮಾತೊಂದನ್ನು ಆಡಿದ. ಹಾಡು ಸಿಕ್ಕಿತು. 2013ರ ಅವಳ ಆಲ್ಬಮಿಗೆ ಅದೇ ಹೆಸರು. ಅವನು ಅವಳ ಪದ್ಯ ತಿದ್ದಲಿಲ್ಲ ನೋಡು. ಅವಳು ಆಡುತ್ತಿದ್ದ ಮಾತಿನೊಳಗೇ ಹಾಡು ಇರುವ ಜಾಗ ತೋರಿಸಿದ.

ಗಾಯಕ ಲೈಲ್ ಲವೆಟ್‌ನದು ಇನ್ನೂ ಸ್ವಾರಸ್ಯ. ಅವನ ಮುಖ ನೋಡುವ ಮೊದಲೇ ಕ್ಲಾರ್ಕ್‌ಗೆ ಅವನ ಕ್ಯಾಸೆಟ್ ಸಿಕ್ಕಿತ್ತು. ಕೇಳಿ, ತಾನೇ ಕಂಡಕಂಡವರಿಗೆಲ್ಲ ಕೇಳಿಸಿದ; ರೆಕಾರ್ಡ್ ಕಂಪನಿಯ ಟೋನಿ ಬ್ರೌನ್ ಕೈಗೂ ಮುಟ್ಟಿಸಿದ. 1986ರಲ್ಲಿ ಲವೆಟ್‌ನ ಮೊದಲ ಆಲ್ಬಮ್ ಬಂತು. ಶಿಫಾರಸು ಅಂದರೆ ಇದು. ಪರಿಚಯ, ಜಾತಿ, ಊರು ಯಾವುದೂ ಅಲ್ಲ, ಹಾಡು ಚೆನ್ನಾಗಿತ್ತು.

ಇಷ್ಟಾಗಿ ಕ್ಲಾರ್ಕ್‌ನ ಸ್ವಂತ ದನಿಯಲ್ಲಿ ಒಂದು ದೊಡ್ಡ ಹಿಟ್ಟೂ ಇಲ್ಲ. 1982ರಲ್ಲಿ ಅವನ ಹಾಡನ್ನು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೇರಿಸಿದವನು ಗಾಯಕ ರಿಕಿ ಸ್ಕ್ಯಾಗ್ಸ್. ಮನೆಗೆ ಬರುತ್ತಿದ್ದ ಕ್ರೋವೆಲ್‌ನ 1988ರ ಆಲ್ಬಮ್ ಒಂದರಿಂದಲೇ ಐದು ಹಾಡು ಮೊದಲ ಸ್ಥಾನ ಕಂಡವು. ಕ್ಲಾರ್ಕ್‌ಗೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದದ್ದು 2014ರಲ್ಲಿ, ಎಪ್ಪತ್ತೆರಡರಲ್ಲಿ. ಸುಸಾನಾ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. 2016ರಲ್ಲಿ ಅವನೂ ಹೋದ. ಅಷ್ಟು ಹೊತ್ತಿಗೆ ಗೆದ್ದಿದ್ದ ಹುಡುಗರು ಅವನನ್ನು ಬಿಟ್ಟಿರಲಿಲ್ಲ.

ಹಾಗಾಗಿ ಹೆಸರು ಮಾಡಿದವರ ಮನೆ ಬಾಗಿಲು ಕಾಯಬೇಡ. ಕೆಲಸ ನಡೆಯುವ ಕೋಣೆ ಹುಡುಕು. ಅದು ಹೆಸರಿಲ್ಲದವರ ಕೋಣೆಯೂ ಆಗಿರಬಹುದು, ನಿನ್ನದೇ ವಯಸ್ಸಿನ ಇಬ್ಬರ ಬಾಡಿಗೆ ರೂಮೂ ಆಗಬಹುದು. ಅಲ್ಲಿ ಯಾರೂ ಹೊಗಳದಿದ್ದರೆ ಹೆದರಬೇಡ. ಒಂದು ವಾರದಲ್ಲಿ ಯಾರೂ ಹೊಸದೇನೂ ಬರೆದಿಲ್ಲವಾದರೆ ಎದ್ದು ಬಾ.

ಈಗ ನಿನ್ನ ಹಾಡುಗಳು. ಮೊದಲ ಎರಡರಲ್ಲಿ ಮಳೆ, ಮೌನ, ನೆನಪು ತುಂಬಿ ತುಳುಕಿವೆ; ಯಾರ ಮಳೆ ಅಂತ ತಿಳಿಯಲಿಲ್ಲ. ಕ್ಲಾರ್ಕ್‌ಗೆ ಅಪ್ಪನ ಮೇಲೆ ಒಂದು ರಚನೆ ಇದೆ. ಹಾಡುವುದಕ್ಕಿಂತ ಹೇಳುವುದೇ ಹೆಚ್ಚು. ಅದರಲ್ಲಿರುವುದು ಒಂದು ಚಾಕು. ಅಪ್ಪನ ಚಾಕುವನ್ನು ಹುಡುಗ ಸ್ಕೌಟ್ ಶಿಬಿರಕ್ಕೆ ಒಯ್ದು ಮರಕ್ಕೆ ನಾಟಲು ಹೋಗಿ ತುದಿ ಮುರಿಯುತ್ತಾನೆ. ಅಪ್ಪ ಬೈಯದೆ ಡ್ರಾಯರಿನಲ್ಲಿಡುತ್ತಾನೆ. ಅಪ್ಪ ಸತ್ತ ಮೇಲೆ ನಿನಗೇನು ಬೇಕೆಂದರೆ ಆ ಚಾಕು ಸಾಕು ಎನ್ನುತ್ತಾನೆ ಮಗ. ಅಲ್ಲಿಯವರೆಗೆ ಬಾರದ ಅಳು ಆಗ ಬರುತ್ತದೆ.

ನಿನ್ನ ಮೂರನೆಯ ಹಾಡಿನಲ್ಲಿ ಅಜ್ಜನ ಟಾರ್ಚು ಬಂದಿದೆ. ಆದರೆ ಒಂದೇ ಸಾಲಿಗೆ ಅದನ್ನು ಆರಿಸಿ, ಮತ್ತೆ ಮಳೆಗೆ ಓಡಿಹೋಗಿದ್ದೀಯ. ಸೆಲ್ಲು ಯಾರು ತರುತ್ತಿದ್ದರು, ಅವನಾದ ಮೇಲೆ ಅದು ಯಾರ ಕೈಗೆ ಹೋಯಿತು? ಅದನ್ನು ಬರೆದು, ರಾಗವಿಲ್ಲದೆ, ಬರೀ ಬಾಯಲ್ಲಿ ನಿನ್ನ ಅಮ್ಮನಿಗೆ ಓದಿ ಹೇಳು. ಅವರು ಎಲ್ಲಿ ಮಧ್ಯೆ ಬಾಯಿಹಾಕಿ, ಹಾಗಲ್ಲ ಕಣೋ, ಎನ್ನುತ್ತಾರೋ ಗುರುತು ಹಾಕಿಕೋ. ಆ ಗುರುತಿರುವ ಹಾಳೆಯನ್ನೇ ಹಿಡಿದು ಬಾ, ನಕಲು ಮಾಡಬೇಡ. ಶನಿವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ