ಶಾಲೆಗೆ ಬಣ್ಣ ಹೊಡೆಯಿರಿ, ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಬಣ್ಣ ಹೊಡೆಯುವ ಕೆಲಸ ಶುರುವಾಗುತ್ತದೆ. ಹಳೆಯ ವಿದ್ಯಾರ್ಥಿಗಳು, ಯುವಕ ಸಂಘದವರು, ಎನ್‌ಎಸ್‌ಎಸ್ ಶಿಬಿರದವರು ಕೈಯಿಂದ ದುಡ್ಡು ಹಾಕಿ ಗೋಡೆಯ ಮೇಲೆ ರೈಲು, ಕಾಗುಣಿತ, ಕರ್ನಾಟಕದ ನಕ್ಷೆ ಬರೆಸುತ್ತಾರೆ. ಮೆಚ್ಚಬೇಕಾದ್ದೇ. ಆದರೆ ಹೊಸ ಬಣ್ಣಕ್ಕೆ ಮುಂಚೆ ಹಳೆಯದನ್ನು ಕೆರೆಯುವ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ನೋಡಿ. ಉಜ್ಜುವವರ ಮೂಗಿಗೆ ಹೆಚ್ಚೆಂದರೆ ಒಂದು ಕರವಸ್ತ್ರ. ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸುವವರು ಅದೇ ಶಾಲೆಯ ಮಕ್ಕಳು. ಅಪಾಯ ಇರುವುದು ಆ ಪುಡಿಯಲ್ಲಿ: ಹಳೆಯ ಬಣ್ಣದಲ್ಲಿ ಮಕ್ಕಳ ಕಲಿಯುವ ಶಕ್ತಿ ಕುಗ್ಗಿಸುವ ಸೀಸ (ಲೆಡ್) ಎಂಬ ವಿಷಲೋಹ ಇರಬಹುದು.

ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು, ಅಂದರೆ ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂಗಿಂತ ಹೆಚ್ಚಿರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮುಂಚೆ ಬಳಿದ ಎನಾಮೆಲ್, ಅಂದರೆ ನಾವು ಆಯಿಲ್ ಪೇಂಟ್ ಎನ್ನುವುದು, ಇವತ್ತಿಗೂ ಶಾಲೆಗಳಲ್ಲಿ ಪದರದ ಮೇಲೆ ಪದರವಾಗಿ ಕೂತಿದೆ. ಅದರಲ್ಲೂ ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಿಗೆ ಸೀಸದ ಕ್ರೋಮೇಟ್ ಎಂಬ ಬಣ್ಣದ ಪುಡಿ ಬೆರೆಸುತ್ತಿದ್ದರು; ಬಣ್ಣ ಬೇಗ ಒಣಗಲೆಂದೂ ಸೀಸದ ಲವಣ ಸೇರಿಸುತ್ತಿದ್ದರು. ಸುಣ್ಣ ಬಳಿದ ಗೋಡೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ನೋಡಬೇಕಾದದ್ದು ಬಾಗಿಲು, ಕಿಟಕಿ, ಅದರ ಸರಳು, ತೊಳೆಯಲು ಅನುಕೂಲವೆಂದು ತರಗತಿಯ ಗೋಡೆಯ ಕೆಳಭಾಗಕ್ಕೆ ಹೊಡೆದ ಆಯಿಲ್ ಪೇಂಟ್, ಮೈದಾನದ ಜಾರುಬಂಡೆ ಮತ್ತು ಉಯ್ಯಾಲೆ. ಇವೆಲ್ಲ ಮಗುವಿನ ಕೈಗೆಟಕುವ ಎತ್ತರದಲ್ಲೇ ಇವೆ ಎಂಬುದನ್ನೂ ಗಮನಿಸಬೇಕು.

ಹಳೆಯ ಎನಾಮೆಲ್‌ನಲ್ಲಿ ಶೇ 1ರಷ್ಟು ಸೀಸವಿದ್ದರೆ ಒಂದು ಗ್ರಾಂ ಪುಡಿಯಲ್ಲಿ 10 ಮಿಲಿಗ್ರಾಂ, ಎಂದರೆ 10,000 ಮೈಕ್ರೊಗ್ರಾಂ ಸೀಸ ಇರುತ್ತದೆ. ಮಗುವಿನ ದಿನದ ಆಹಾರದಲ್ಲಿ 2.2 ಮೈಕ್ರೊಗ್ರಾಂ ದಾಟಿದರೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸುತ್ತದೆ. ಒಂದು ಬಾಗಿಲನ್ನು ಒಣದಾಗಿ ಉಜ್ಜಿದರೆ ಎಷ್ಟು ಪುಡಿ ಹಾರುತ್ತದೆಂದು ಯಾವ ಪೇಂಟರನ್ನು ಕೇಳಿದರೂ ಹೇಳುತ್ತಾರೆ. ಪುಡಿ ನೆಲಕ್ಕೆ, ಅಲ್ಲಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಚಿಕ್ಕ ಮಕ್ಕಳ ದೇಹ ಹೀರಬಲ್ಲದು. ದೇಹದಲ್ಲಿ ಕಬ್ಬಿಣಾಂಶ, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆಯಿದ್ದರೆ ಇನ್ನೂ ಹೆಚ್ಚು. ನಮ್ಮ ಅಂಗನವಾಡಿ ಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಜ್ವರವಿಲ್ಲ, ವಾಂತಿಯಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕುಗ್ಗುವುದು ಕಲಿಯುವ ಶಕ್ತಿ, ಗಮನ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ 10 ಮೈಕ್ರೊಗ್ರಾಂ ಮೀರಿ ಸೀಸ ಕಂಡಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದರು. ಗೋಡೆ, ಕಿಟಕಿಯದ್ದು ಹಾಗೇ ಉಳಿಯಿತು.

ಮೊದಲ ಸಲಹೆ ಸೋಮಾರಿತನದಂತೆ ಕೇಳಬಹುದು: ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅದನ್ನು ಕೆರೆಯಲೇಬೇಡಿ. ಸೋಪು ನೀರಲ್ಲಿ ತೊಳೆದು, ಒದ್ದೆ ಮಾಡಿದ ವಾಟರ್ ಪೇಪರ್ ಎಂಬ ಉಜ್ಜುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಸವರಿ, ಒಣಗಿಸಿ, ಪ್ರೈಮರ್ ಹೊಡೆದು ಮೇಲೆ ಹೊಸ ಬಣ್ಣ ಬಳಿದರೆ ಸಾಕು. ಪೂರ್ತಿ ಮರ ಕಾಣುವ ತನಕ ಉಜ್ಜಿದವನೇ ಒಳ್ಳೆಯ ಕೆಲಸಗಾರ ಎಂಬ ನಂಬಿಕೆ ಇಲ್ಲಿ ಕೆಡುಕು ಮಾಡುತ್ತದೆ.

ಚಕ್ಕೆ ಏಳುತ್ತಿರುವ ಕಡೆ ಮಾತ್ರ ಕೆರೆಯಬೇಕು, ಅದೂ ಒದ್ದೆಯಾಗಿ. ಕೋಣೆಯ ಬೆಂಚು, ಪುಸ್ತಕ, ಚಾಪೆಗಳನ್ನು ಹೊರಗೆ ಸಾಗಿಸಿ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಒಳಗಾದರೆ ಕೆಲಸದ ಜಾಗದಿಂದ ಎರಡು ಮೀಟರ್, ಹೊರಗಾದರೆ ಮೂರು ಮೀಟರ್ ಆಚೆಯವರೆಗೆ, ಅಂಚನ್ನು ಟೇಪಿನಿಂದ ಅಂಟಿಸಿ. ಫ್ಯಾನ್ ಬಂದ್ ಮಾಡಿ. ಗಿಡಕ್ಕೆ ಔಷಧಿ ಹೊಡೆಯುವ ಕೈ ಸ್ಪ್ರೇಯರ್ ಹೊಸದೊಂದನ್ನು ಕೊಂಡು ಅದರಲ್ಲಿ ನೀರಿಗೆ ಎರಡು ಹನಿ ಸೋಪು ಬೆರೆಸಿ ಸಿಂಪಡಿಸುತ್ತ ಕೆರೆಯಿರಿ, ಒಣಗಿದಂತೆ ಕಂಡರೆ ಮತ್ತೆ ಸಿಂಪಡಿಸಿ. ನೀರು ಬಳಸುವುದರಿಂದ ವಿದ್ಯುತ್ ಬೋರ್ಡಿನ ಸುತ್ತ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಉಜ್ಜುವ ಯಂತ್ರ ಬೇಡವೇ ಬೇಡ. ಬ್ಲೋ ಲ್ಯಾಂಪಿನಿಂದ ಸುಡುವುದಂತೂ ಇನ್ನೂ ಕೆಟ್ಟದ್ದು, ಸೀಸ ಹೊಗೆಯಾಗಿ ನೇರ ಶ್ವಾಸಕೋಶ ಸೇರುತ್ತದೆ. ಬಟ್ಟೆಯ ಮಾಸ್ಕ್ ಈ ಪುಡಿಯನ್ನು ತಡೆಯದು. ಕನಿಷ್ಠ ಎನ್-95, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು.

ಮುಗಿದ ಮೇಲೆ ಪೊರಕೆ ಮುಟ್ಟಬೇಡಿ. ಹಾಳೆಯನ್ನು ಒದ್ದೆ ಮಾಡಿ ಒಳಮುಖವಾಗಿ ಮಡಚಿ ಚೀಲಕ್ಕೆ ತುಂಬಿ. ನೆಲವನ್ನು ಎರಡು ಬಕೆಟ್ ಇಟ್ಟುಕೊಂಡು ಒರೆಸಿ: ಒಂದರಲ್ಲಿ ಸೋಪು ನೀರು, ಇನ್ನೊಂದು ಬಟ್ಟೆ ಜಾಲಿಸಲು. ಒಂದೇ ಬಕೆಟ್ ಆದರೆ ಒರೆಸಿದ ಸೀಸವನ್ನೇ ಮತ್ತೆ ನೆಲಕ್ಕೆ ಸವರಿದಂತೆ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವುದೂ ಅಪಾಯವೇ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಬಸುರಿಯರು, ಮಕ್ಕಳು ಆ ಹೊತ್ತಿನಲ್ಲಿ ಆವರಣದೊಳಗೇ ಇರಬಾರದು.

ಕಿಟಕಿಯ ಕೆಳಗಿನ ಮಣ್ಣಿನಲ್ಲಿ ಹಿಂದಿನ ವರ್ಷಗಳ ಚಕ್ಕೆಗಳು ಈಗಾಗಲೇ ಬೆರೆತಿರುತ್ತವೆ. ಶಾಲಾ ಕೈತೋಟದ ಸೊಪ್ಪಿನ ಮಡಿಯನ್ನು ಗೋಡೆ ಬುಡಕ್ಕೆ ಮಾಡದೆ ದೂರ ಮಾಡಿ. ಬುಡಕ್ಕೆ ಜಲ್ಲಿ ಹಾಸಿದರೆ ಒಳ್ಳೆಯದು.

ಇನ್ನೊಂದು ವಿಷಯ ಮನೆಗಳಿಗೂ ಸೇರಿದ್ದು. ಕಿತ್ತುಹಾಕಿದ ಹಳೆಯ ಬಾಗಿಲು, ಚೌಕಟ್ಟು, ಮುರಿದ ಡೆಸ್ಕು ಹಲವು ಕಡೆ ಒಲೆಗೋ ಬಚ್ಚಲ ಹಂಡೆಯುರಿಗೋ ಸೌದೆಯಾಗುತ್ತವೆ. ಬಣ್ಣ ಬಳಿದ ಮರವನ್ನು ಉರಿಸಿದರೆ ಸೀಸದ ಒಂದು ಪಾಲು ಹೊಗೆಯಲ್ಲಿ ಹೋಗಿ ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಆ ಬೂದಿಯಲ್ಲೇ ಪಾತ್ರೆ ತಿಕ್ಕುತ್ತೇವೆ, ಗಿಡದ ಬುಡಕ್ಕೂ ಹಾಕುತ್ತೇವೆ.

ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಬರಹ, ತಯಾರಕರ ವಿಳಾಸ, ತಯಾರಾದ ತಿಂಗಳು ಇವೆಯೇ ನೋಡಿ. ಬಿಡಿಯಾಗಿ ಅಳೆದು ಕೊಡುವ ಬಣ್ಣ ಬೇಡ. ಕೈಗಾರಿಕಾ ಬಳಕೆಯ ಬಣ್ಣಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಬಿಸಿಲು ಮಳೆಗೆ ತಡೆಯುತ್ತದೆಂದು ಅಂಥದ್ದನ್ನೇ ಉಯ್ಯಾಲೆಗೂ ಗೇಟಿಗೂ ಹೊಡೆಯುವವರಿದ್ದಾರೆ. ತುಕ್ಕು ತಡೆಯಲು ಬಳಸುವ ರೆಡ್ ಆಕ್ಸೈಡ್ ಕಬ್ಬಿಣದ ಆಕ್ಸೈಡು, ರೆಡ್ ಲೆಡ್ ಸೀಸದ್ದು. ಅಂಗಡಿಯಲ್ಲಿ ‘ಕೆಂಪು ಪ್ರೈಮರ್’ ಎಂದಷ್ಟೇ ಕೇಳಿದರೆ ಯಾವುದು ಬರುತ್ತದೋ ಹೇಳಲಾಗದು.

ಶಿಕ್ಷಣ ಇಲಾಖೆಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ ನಮ್ಮ ಕೋರಿಕೆ ಇಷ್ಟೇ. ದುರಸ್ತಿ ಮತ್ತು ಬಣ್ಣದ ಅಂದಾಜುಪಟ್ಟಿಯಲ್ಲಿ ಎರಡು ಸಾಲು ಸೇರಿಸಿ: ಹಳೆಯ ಎನಾಮೆಲ್ ಅನ್ನು ಒದ್ದೆ ಮಾಡಿಯೇ ಕೆರೆಯಬೇಕು, ಡಬ್ಬಿಯ ಲೇಬಲ್ಲಿನ ಫೋಟೊ ಬಿಲ್ಲಿನ ಜೊತೆ ಇರಬೇಕು. ದಾನಿಗಳು ಮಾಡಿಸುವ ಕೆಲಸಕ್ಕೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೇ ಷರತ್ತು ಹಾಕಲಿ. ಪ್ಲಾಸ್ಟಿಕ್ ಹಾಳೆ, ಮಾಸ್ಕ್, ಸ್ಪ್ರೇಯರ್‌ಗಳ ಖರ್ಚು ಬಣ್ಣದ ಖರ್ಚಿನ ಮುಂದೆ ಅಲ್ಪ, ಆದರೆ ಅಂದಾಜಿನಲ್ಲಿ ಇಲ್ಲದ್ದನ್ನು ಯಾವ ಗುತ್ತಿಗೆದಾರನೂ ತರುವುದಿಲ್ಲ. ಮೇ ಕೊನೆಗೆ ಶಾಲೆ ತೆರೆಯುವ ಮುಂಚೆ ಸುತ್ತೋಲೆ ಹೊರಟರೆ ಈ ವರ್ಷದ ಕೆಲಸಕ್ಕೇ ಅನುಕೂಲವಾದೀತು.

— ಬಣ್ಣ ಮತ್ತು ಕಟ್ಟಡ ಸಾಮಗ್ರಿ ಪರೀಕ್ಷೆಯ ಕೆಲಸದಲ್ಲಿರುವ ಓದುಗರು, ತುಮಕೂರು