ನಿನ್ನೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳುವಾಗ

ಪ್ರೀತಿಯ ಮಗಳೇ,

ನೀನು ಕಳಿಸಿದ ಇಂಗ್ಲಿಷ್ ಪ್ರಬಂಧವನ್ನು ನಿಧಾನವಾಗಿ ಓದಿದೆ. ವಿಚಾರ ಚೆನ್ನಾಗಿದೆ, ಪದಗಳಿಗೂ ಬರವಿಲ್ಲ. ಆದರೆ ನಡೆದುಹೋದದ್ದನ್ನು ಹೇಳುವ ಕಡೆಗಳಲ್ಲೆಲ್ಲ ಕ್ರಿಯಾಪದ ಎಡವಿದೆ. ಅಷ್ಟನ್ನು ತಿದ್ದಿಕೊಂಡರೆ ನಿನ್ನ ಬರವಣಿಗೆಯೇ ಬೇರೆಯಾಗುತ್ತದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

‘ಐ ಡಿಡ್ ನಾಟ್ ವೆಂಟ್’ ಎಂದಿದ್ದೀಯೆ. ‘ಡಿಡ್’ ಬಂತೆಂದರೆ ಭೂತಕಾಲವನ್ನು ಅದೇ ಹೇಳಿಬಿಡುತ್ತದೆ. ಮುಖ್ಯ ಕ್ರಿಯಾಪದ ಮೂಲರೂಪದಲ್ಲಿದ್ದರೆ ಸಾಕು, ‘ಐ ಡಿಡ್ ನಾಟ್ ಗೋ’. ಪ್ರಶ್ನೆಗೂ ಇದೇ ನಿಯಮ: ‘ಡಿಡ್ ಯು ಸೀ’ ಸರಿ, ‘ಡಿಡ್ ಯು ಸಾ’ ತಪ್ಪು. ಕನ್ನಡದಲ್ಲಿ ‘ಹೋದೆ’ ಎನ್ನುವ ನೀನು ‘ಹೋಗಲಿಲ್ಲ’ ಎನ್ನುತ್ತೀಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲವಲ್ಲ, ಹಾಗೆಯೇ ಇದು.

ನನಗೆ ಹೆಚ್ಚು ಚಿಂತೆಯಾದದ್ದು ‘ಹ್ಯಾಡ್’ ವಿಷಯದಲ್ಲಿ. ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದ ಲೈಬ್ರರಿ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀಯೆ. ಇದು ಎಲ್ಲಿಂದ ಬಂತೆಂದು ಗೊತ್ತು. ‘ನಿನ್ನೆ ಗ್ರಂಥಾಲಯಕ್ಕೆ ಹೋಗಿದ್ದೆ’ ಎಂಬುದು ನಮಗೆ ಪೂರ್ಣ ವಾಕ್ಯ; ಮುಂದೇನನ್ನೂ ಅದು ಕೇಳುವುದಿಲ್ಲ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಕೇಳುತ್ತದೆ. ಯಾವುದಕ್ಕಿಂತ ಮೊದಲು ಹೋಗಿದ್ದೆ ಎಂಬುದು ಆ ವಾಕ್ಯದಲ್ಲೋ ಆಚೀಚೆಯಲ್ಲೋ ಸಿಗಬೇಕು. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’ ಎಂಬುದನ್ನು ನೋಡು: ನಾನು ತಲುಪುವ ಮೊದಲೇ ರೈಲು ಹೊರಟುಹೋಗಿತ್ತು. ‘ಹ್ಯಾಡ್’ ತೆಗೆದರೆ ನಾನು ತಲುಪಿದ ಮೇಲೆ ರೈಲು ಹೊರಟಿತು ಎಂದಾಗುತ್ತದೆ. ಒಂದೇ ಪದಕ್ಕೆ ರೈಲು ತಪ್ಪುವುದೋ ಸಿಗುವುದೋ ನಿರ್ಧಾರವಾಗುತ್ತದೆ! ಹೀಗೆ ಹಿಂದುಮುಂದು ತೋರಿಸುವ ಅಗತ್ಯವಿಲ್ಲದಿದ್ದರೆ ‘ಐ ವೆಂಟ್’ ಎಂದರೆ ಸಾಕು. ಸರಳ ಭೂತಕಾಲ ಬಡವರ ರೂಪವಲ್ಲ, ಕಥೆ ಹೇಳುವವರು ಹೆಚ್ಚಾಗಿ ಬಳಸುವುದು ಅದನ್ನೇ.

‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಕೂಡ ಸಲ್ಲದು. ನಿನ್ನೆ, ಕಳೆದ ವಾರ ಎಂದು ಮುಗಿದ ಹೊತ್ತನ್ನು ಹೆಸರಿಸಿದ ಮೇಲೆ ‘ಐ ಸಾ ಹಿಮ್’ ಎಂದೇ ಬರೆ.

ಒಂದು ಸಮಾಧಾನವೂ ಇದೆ. ಹೋದೆ, ಹೋದನು, ಹೋದಳು, ಹೋಯಿತು ಎಂಬ ನಮ್ಮ ಅಷ್ಟೂ ರೂಪಗಳಿಗೆ ಅಲ್ಲಿ ‘ವೆಂಟ್’ ಒಂದೇ. ಕರ್ತೃವಿಗೆ ತಕ್ಕಂತೆ ಬದಲಾಗುವುದು ‘ವಾಸ್’ ಮತ್ತು ‘ವರ್’ ಮಾತ್ರ. ‘ಕಟ್’, ‘ಪುಟ್’ ಬದಲಾಗುವುದೇ ಇಲ್ಲ. ‘ರೀಡ್’ ಬರೆಯುವಾಗ ಹಾಗೆಯೇ ಇದ್ದು, ಓದುವಾಗ ‘ರೆಡ್’ ಆಗುತ್ತದೆ. ಮಲಗು ಎಂಬ ಅರ್ಥದ ‘ಲೈ’ಗೆ ಭೂತರೂಪ ‘ಲೇ’, ಇಡು ಎಂಬ ಅರ್ಥದ ‘ಲೇ’ಗೆ ‘ಲೇಡ್’. ಇಲ್ಲಿ ಎಂಥವರೂ ತಡವರಿಸುತ್ತಾರೆ, ನೀನು ಅಂಜಬೇಡ. ಇಂಥವನ್ನು ಪಟ್ಟಿ ಮಾಡಿ ಉರುಹೊಡೆಯದೆ, ನಿನ್ನದೇ ವಾಕ್ಯಗಳಲ್ಲಿ ಕೂರಿಸಿ ಗಟ್ಟಿಯಾಗಿ ಓದಿಕೊ.

ಈಗ ಪ್ರಬಂಧದಲ್ಲಿರುವ ಪ್ರತಿಯೊಂದು ‘ಹ್ಯಾಡ್’ ಕೆಳಗೆ ಗೆರೆ ಎಳೆದು, ‘ಯಾವುದಕ್ಕಿಂತ ಮೊದಲು?’ ಎಂದು ಕೇಳಿಕೊ. ಉತ್ತರ ಸಿಗದ ಕಡೆ ಹೊಡೆದುಹಾಕಿ ಸರಳ ರೂಪ ಬರೆ. ತಿದ್ದಿದ ಪ್ರತಿಯನ್ನು ನನಗೆ ಕಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ